ಅಲ್ಪಶಕ್ತಿಯ ದೂರಗಾಮಿ ನಿಸ್ತಂತು ಜಾಲಗಳು: ಸಾನಪಾಡಾ–ತುರ್ಭೆ ಔದ್ಯೋಗಿಕ ವಲಯದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ನವಿಮುಂಬಯಿಯ ಸಾನಪಾಡಾ ನಿಲ್ದಾಣದಲ್ಲಿ ಎರಡು ಲೋಕಲ್ ರೈಲುಮಾರ್ಗಗಳು ಕೂಡುತ್ತವೆ. ಮುಂಬಯಿಯಿಂದ ವಾಶಿ ಸೇತುವೆಯನ್ನು ದಾಟಿ ಪನ್ವೇಲಿನತ್ತ ಸಾಗುವ ಹಾರ್ಬರ್ ಮಾರ್ಗ ಒಂದು. ಠಾಣೆಯಿಂದ ತುರ್ಭೆಯ ಮೂಲಕ ಇಳಿದುಬರುವ ಟ್ರಾನ್ಸ್-ಹಾರ್ಬರ್ ಮಾರ್ಗ ಇನ್ನೊಂದು. ಪಶ್ಚಿಮಕ್ಕೆ ವಸತಿಯ ಸೆಕ್ಟರುಗಳು, ಪಾಮ್ ಬೀಚ್ ರಸ್ತೆ, ಅದರಾಚೆ ಠಾಣೆ ಖಾಡಿಯ ಕಾಂಡ್ಲಾ ವನ. ಪೂರ್ವಕ್ಕೂ ಉತ್ತರಕ್ಕೂ ತುರ್ಭೆ, ಪಾವಣೆ, ರಬಾಳೆ, ದಿಘೆಗಳವರೆಗೆ ಪಾರ್ಸಿಕ್ ಬೆಟ್ಟಸಾಲಿನ ಅಡಿಯುದ್ದಕ್ಕೆ ಚಾಚಿಕೊಂಡಿರುವ ಕಾರ್ಖಾನೆಗಳ ಪಟ್ಟಿ. ಇದಕ್ಕೆ ಟಿ.ಟಿ.ಸಿ. ಔದ್ಯೋಗಿಕ ವಲಯವೆಂದು ಹೆಸರು. ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದು 1962ರಲ್ಲಿ. ಹೊಸ ನಗರವನ್ನು ಕಟ್ಟುವ ಹೊಣೆ ಹೊತ್ತ ಸಿಡ್ಕೊ ಹುಟ್ಟಿದ್ದು 1970ರಲ್ಲಿ. ನಗರಪಾಲಿಕೆ ಕಾರ್ಯಾರಂಭ ಮಾಡಿದ್ದು 1992ರಲ್ಲಿ. ಇಲ್ಲಿ ಕಾರ್ಖಾನೆ ಮೊದಲು ಬಂದು ನಗರ ಅನಂತರ ಬಂದಿತೆಂಬ ಈ ಅನುಕ್ರಮವನ್ನು ಓದುಗರು ಗಮನದಲ್ಲಿಡಬೇಕು. ರಾಸಾಯನಿಕಗಳ ತೊಟ್ಟಿಗೂ ಜನವಸತಿಗೂ ನಡುವೆ ಈಗ ಉಳಿದಿರುವ ಅಂತರ ಬಹಳ ಕಡಿಮೆ.

ಬೆಟ್ಟದಾಚೆಯ ಡೊಂಬಿವಲಿಯ ಉದಾಹರಣೆ ಕಣ್ಣೆದುರಿಗಿದೆ. ಅಲ್ಲಿಯ ಔದ್ಯೋಗಿಕ ವಲಯದ ಎರಡನೆಯ ಹಂತದಲ್ಲಿ 2016ರ ಮೇ 26ರಂದು, ಪುನಃ 2024ರ ಮೇ 23ರಂದು ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟಗಳಾಗಿ, ಎರಡು ಬಾರಿಯೂ ಪ್ರಾಣಹಾನಿಯಾಯಿತು. ಸುತ್ತಲಿನ ಮನೆಗಳ ಗಾಜುಗಳು ಒಡೆದವು. ಇಂತಹ ದುರಂತಗಳ ಕಾರಣಗಳು ಬಹುಮುಖವಾದವು. ಯಾವ ಒಂದು ಯಂತ್ರವೂ ಅವುಗಳಿಗೆ ಪರಿಹಾರವಲ್ಲ. ಆದರೆ ತೊಟ್ಟಿಯೊಳಗಿನ ಸ್ಥಿತಿ ಅದನ್ನು ಕಾಯಬೇಕಾದವನಿಗೆ ಯಾವಾಗ, ಎಷ್ಟರಮಟ್ಟಿಗೆ ತಿಳಿಯುತ್ತದೆ ಎಂಬುದು ಪ್ರತಿಯೊಂದರಲ್ಲಿಯೂ ಎದುರಾಗುವ ಪ್ರಶ್ನೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಈ ಪ್ರಶ್ನೆಗೆ ಉತ್ತರವೆಂದು ಮುಂದಿಡಲಾಗುತ್ತಿರುವ ಒಂದು ವ್ಯವಸ್ಥೆಯ ಸ್ವರೂಪವನ್ನೂ ಮಿತಿಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾವು ಸಾಹಿತ್ಯದ ವಿದ್ಯಾರ್ಥಿಗಳು. ಆದರೂ ಈ ವಿಷಯದೊಳಗೆ ಪಾಠಸಂಪಾದನೆಯ ಒಂದು ಹಳೆಯ ಸಮಸ್ಯೆ ಅಡಗಿರುವುದನ್ನು ಕಂಡು ಇತ್ತ ಹೊರಳಿದ್ದೇವೆ.

ಮೊದಲು ತಂತಿಯ ಮಾತು. ಕಾರ್ಖಾನೆಯ ಸಂವೇದಕಗಳು, ಕಾರ್ಮಿಕರ ಮಾತಿನಲ್ಲಿ ಸೆನ್ಸರುಗಳು, ಬಹುಕಾಲದಿಂದ ತಮ್ಮ ಅಳತೆಯನ್ನು ವಿದ್ಯುತ್ಪ್ರವಾಹದ ರೂಪದಲ್ಲಿ ತಂತಿಯ ಮೂಲಕ ಕಳುಹಿಸುತ್ತ ಬಂದಿವೆ. ಅಳತೆಯ ಕನಿಷ್ಠಕ್ಕೆ 4 ಮಿಲಿಆಂಪಿಯರ್, ಗರಿಷ್ಠಕ್ಕೆ 20 ಮಿಲಿಆಂಪಿಯರ್. ಕನಿಷ್ಠಕ್ಕೆ ಸೊನ್ನೆಯನ್ನೇ ಏಕೆ ಇಟ್ಟುಕೊಳ್ಳಲಿಲ್ಲ? ಆ ಅಲ್ಪಪ್ರವಾಹದಿಂದಲೇ ಸಂವೇದಕವನ್ನು ನಡೆಸಬಹುದೆಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ತಂತಿ ತುಂಡಾದರೆ ಪ್ರವಾಹ ಸೊನ್ನೆಯಾಗುತ್ತದೆ. ಸೊನ್ನೆ ಎಂಬುದು ಅಳತೆಯಾಗಿರಲು ಸಾಧ್ಯವೇ ಇಲ್ಲವಾದ್ದರಿಂದ, ಅದನ್ನು ಕಂಡೊಡನೆ ಕಾವಲಿನವನಿಗೆ ಅದು 'ತಂತಿ ಕಡಿದಿದೆ' ಎಂಬ ಸುದ್ದಿಯಾಗುತ್ತದೆ. ತೊಟ್ಟಿ ಬರಿದಾಗಿರುವುದೂ ತೊಟ್ಟಿಯ ವಿಷಯ ತಿಳಿಯದಿರುವುದೂ ಬೇರೆ ಬೇರೆ ಸಂಗತಿಗಳೆಂಬ ವಿವೇಕವನ್ನು ಆ ಕಾಲದ ಎಂಜಿನಿಯರರು ತಂತಿಯೊಳಗೇ ಇಟ್ಟಿದ್ದರು. ಈ ಒಂದಂಶಕ್ಕೆ ನಾವು ಮುಂದೆ ಮರಳಿ ಬರಲಿದ್ದೇವೆ.

ತಂತಿಯ ತೊಡಕು ಅದರ ವೆಚ್ಚ. ನಡೆಯುತ್ತಿರುವ ಕಾರ್ಖಾನೆಯಲ್ಲಿ ನೆಲ ಅಗೆದು, ಕೊಳವೆ ಹಾಸಿ, ದೂರದ ತೊಟ್ಟಿಯೊಂದಕ್ಕೆ ತಂತಿ ಎಳೆಯುವ ಖರ್ಚು ಅನೇಕ ವೇಳೆ ಸಂವೇದಕದ ಬೆಲೆಯನ್ನು ಮೀರುತ್ತದೆ. ಹೀಗಾಗಿ ಅತ್ಯಗತ್ಯವೆನಿಸಿದ ಸ್ಥಾನಗಳಿಗಷ್ಟೇ ತಂತಿ ಹೋಗುತ್ತದೆ. ಉಳಿದೆಡೆಗೆ ಪಾಳಿಯ ಕಾರ್ಮಿಕನೊಬ್ಬ ನೋಟುಪುಸ್ತಕ ಹಿಡಿದು ದಿನಕ್ಕೆರಡು ಸಲ ಸುತ್ತುತ್ತಾನೆ. ಈ ಕೊರತೆಯನ್ನು ನೀಗಲು 2007ರಲ್ಲಿ ವೈರ್‌ಲೆಸ್‌ಹಾರ್ಟ್ ಎಂಬ ನಿಸ್ತಂತು ಪದ್ಧತಿ ರೂಪುಗೊಂಡಿತು. ಅದು 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ನಡೆಯುವಂಥದು. ಒಂದು ಸಂವೇದಕ ಪಕ್ಕದ್ದಕ್ಕೆ, ಅದು ಮತ್ತೊಂದಕ್ಕೆ ಎಂಬಂತೆ ಸುದ್ದಿಯನ್ನು ಕೈಬದಲಾಯಿಸುತ್ತದೆ. ಒಂದೇ ಆವರಣದೊಳಗೆ ಇದು ಸಮರ್ಥವೇ. ಆದರೆ ಚದುರಿದ ಚಿಕ್ಕ ಘಟಕಗಳು, ಮಳೆನೀರಿನ ಕಾಲುವೆಗಳು, ರಸ್ತೆಯಾಚೆಯ ಪಂಪುಮನೆ ಇವನ್ನೆಲ್ಲ ಒಂದೇ ಜಾಲದಲ್ಲಿ ಹಿಡಿಯಬೇಕಾದರೆ ಕಿಲೋಮೀಟರುಗಳ ವ್ಯಾಪ್ತಿ ಬೇಕು. ಬ್ಯಾಟರಿಯನ್ನು ವರ್ಷಗಟ್ಟಲೆ ಮುಟ್ಟದೆಯೂ ಇರಬೇಕು.

ಕಡಿಮೆ ಶಕ್ತಿ, ಹೆಚ್ಚು ದೂರ ಇವೆರಡೂ ಒಟ್ಟಿಗೆ ದೊರೆಯಬೇಕಾದರೆ ಮೂರನೆಯದೊಂದನ್ನು ಬಿಟ್ಟುಕೊಡಲೇಬೇಕು, ಅದು ವೇಗ. ಗದ್ದಲದ ನಡುವೆ ಎಷ್ಟು ವೇಗದಲ್ಲಿ ತಪ್ಪಿಲ್ಲದೆ ಸುದ್ದಿ ಸಾಗಿಸಬಹುದು ಎಂಬುದಕ್ಕೆ ಮೇಲ್ಮಿತಿಯಿದೆಯೆಂದು ಕ್ಲಾಡ್ ಶಾನನ್ 1948ರಲ್ಲಿ ಗಣಿತದಿಂದ ತೋರಿಸಿದನು. ಆ ಸೂತ್ರದ ಇನ್ನೊಂದು ಮುಖವೆಂದರೆ, ಸಾಕಷ್ಟು ನಿಧಾನವಾಗಿ ನುಡಿದರೆ ಗದ್ದಲಕ್ಕಿಂತ ಕ್ಷೀಣವಾದ ದನಿಯನ್ನೂ ಕೇಳಿಸಿಕೊಳ್ಳಲು ಸಾಧ್ಯ. ಸಂತೆಯಲ್ಲಿ ದೂರದವನನ್ನು ಕೂಗುವವನು ಒಂದೊಂದು ಅಕ್ಷರವನ್ನೂ ಎಳೆದು ಕೂಗುವುದನ್ನು ನಾವೆಲ್ಲ ಕೇಳಿದ್ದೇವೆ.

ಈ ತತ್ತ್ವವನ್ನು ಅಳವಡಿಸಿಕೊಂಡ ಪದ್ಧತಿಗಳಲ್ಲಿ ಕಾರ್ಖಾನೆಗಳ ಮಟ್ಟಿಗೆ ಹೆಚ್ಚು ಪ್ರಚಾರಕ್ಕೆ ಬಂದದ್ದು ಲೋರಾ. ಫ್ರಾನ್ಸಿನ ಗ್ರೆನೋಬ್ಲಿನ ಸೈಕ್ಲಿಯೋ ಎಂಬ ಚಿಕ್ಕ ಸಂಸ್ಥೆಯಲ್ಲಿ ಹುಟ್ಟಿದ ಇದನ್ನು 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕೊಂಡುಕೊಂಡಿತು. ಇದರ ಮೇಲೆ ಕಟ್ಟಿದ ಜಾಲನಿಯಮಾವಳಿಗೆ ಲೋರಾವಾನ್ ಎಂದು ಹೆಸರು. 2015ರಿಂದ ಸಂಸ್ಥೆಗಳ ಒಕ್ಕೂಟವೊಂದು ಅದನ್ನು ನಿರ್ವಹಿಸುತ್ತಿದ್ದು, 2021ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನ್ಯತೆಯೂ ದೊರೆಯಿತು. ಲೋರಾದಲ್ಲಿ ಅಲೆಯ ಆವೃತ್ತಿ ಒಂದೆಡೆ ನಿಲ್ಲದೆ, ನಿಗದಿಯಾದ ಪಟ್ಟೆಯೊಳಗೆ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ಇಂಗ್ಲಿಷಿನವರು ಇದಕ್ಕೆ ಹಕ್ಕಿಯ ದನಿಯ ಹೆಸರಿಟ್ಟಿದ್ದಾರೆ; ಅದನ್ನು 'ಚಿಲಿಪಿಲಿ' ಎಂದು ಅನುವಾದಿಸಿದರೆ ಹಲವು ಹಕ್ಕಿಗಳ ಕಲರವದ ಅರ್ಥ ಬಂದು ಮೂಲದ ಖಚಿತತೆ ಕೆಡುತ್ತದೆ. ನಮ್ಮ ಸಂಗೀತದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಎಡೆಬಿಡದೆ ಸರಿಯುವ ಗಮಕಕ್ಕೆ 'ಜಾರು' ಎಂಬ ಸಿದ್ಧವಾದ ಹೆಸರೇ ಇದೆ. ಅದನ್ನೇ ಇಲ್ಲಿ ಬಳಸುತ್ತೇವೆ.

ಒಂದೊಂದು ಜಾರೂ ಒಂದು ಸಂಕೇತ. ಅದು ಪಟ್ಟೆಯ ಯಾವ ಸ್ಥಾನದಿಂದ ಹೊರಡುತ್ತದೆ ಎಂಬುದರಲ್ಲಿ ಸುದ್ದಿ ಅಡಗಿರುತ್ತದೆ. ಮೇಲಂಚನ್ನು ಮುಟ್ಟಿದಾಗ ಕೆಳಗಿಳಿದು ಉಳಿದದ್ದನ್ನು ಪೂರೈಸುತ್ತದೆ. ಎಷ್ಟು ಎಳೆದು ನುಡಿಯಬೇಕೆಂಬುದನ್ನು 7ರಿಂದ 12ರವರೆಗಿನ ಒಂದು ಅಂಕಿ ನಿರ್ಧರಿಸುತ್ತದೆ. ಇದನ್ನು 'ಹರಹಂಕ' ಎನ್ನೋಣ. ಹರಹಂಕ 7 ಆಗಿದ್ದರೆ ಹೊರಡುವ ಸ್ಥಾನಗಳು 128. 12 ಆಗಿದ್ದರೆ 4,096. 125 ಕಿಲೋಹರ್ಟ್ಸ್ ಅಗಲದ ಪಟ್ಟೆಯಲ್ಲಿ ಮೊದಲನೆಯದಕ್ಕೆ ಒಂದು ಜಾರಿನ ಅವಧಿ ಸುಮಾರು 1 ಮಿಲಿಸೆಕೆಂಡ್, ಎರಡನೆಯದಕ್ಕೆ ಸುಮಾರು 33 ಮಿಲಿಸೆಕೆಂಡ್. ಹೀಗೆ ಎಳೆದ ಫಲವಾಗಿ ಗದ್ದಲದ ನೂರರಲ್ಲಿ ಒಂದು ಪಾಲಿನಷ್ಟು ಕ್ಷೀಣವಾದ ಸಂಕೇತವನ್ನೂ ಗ್ರಾಹಕ ಗುರುತಿಸಬಲ್ಲದು. 25 ಮಿಲಿವ್ಯಾಟ್ ಶಕ್ತಿಯಲ್ಲಿ ಹೊರಟ ಅಲೆ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿಗೆ ಸವೆದು ಬಂದರೂ ಓದಲು ಬರುತ್ತದೆ. ಪ್ರಾಚೀನ ಶಾಸನಗಳ ಸವೆದ ಅಕ್ಷರಗಳೊಡನೆ ಹೆಣಗಿದವರಿಗೆ ಈ ಅಂಕಿ ಹೊಟ್ಟೆಕಿಚ್ಚು ತರಿಸದಿರದು.

ಎಳೆದು ನುಡಿಯುವುದಕ್ಕೆ ಬೆಲೆಯುಂಟು. ಹತ್ತು ಬೈಟುಗಳಷ್ಟು, ಎಂದರೆ ಉಷ್ಣತೆ, ಒತ್ತಡ, ಬ್ಯಾಟರಿಯ ಸ್ಥಿತಿ ಹಿಡಿಸುವಷ್ಟು ಸುದ್ದಿಯನ್ನು ಹರಹಂಕ 7ರಲ್ಲಿ ಕಳುಹಿಸಲು ಸುಮಾರು 62 ಮಿಲಿಸೆಕೆಂಡ್ ಸಾಕು. ಹರಹಂಕ 12ರಲ್ಲಿ ಸುಮಾರು 1.48 ಸೆಕೆಂಡ್ ಬೇಕು. ಇಪ್ಪತ್ತನಾಲ್ಕು ಪಟ್ಟು ಸಮಯ, ಅಷ್ಟೇ ಪಟ್ಟು ಶಕ್ತಿ. ಒಂದು ಸರಳ ಲೆಕ್ಕ ಹಾಕೋಣ. ಪ್ರೇಷಣೆಯ ಕಾಲದಲ್ಲಿ 40 ಮಿಲಿಆಂಪಿಯರ್, ನಿದ್ರೆಯಲ್ಲಿ 5 ಮೈಕ್ರೋಆಂಪಿಯರ್ ಬಳಸುವ ಸಂವೇದಕವೊಂದು ಕಾಲುಗಂಟೆಗೊಮ್ಮೆ ನುಡಿಯುತ್ತದೆಂದೂ, ಅದರಲ್ಲಿ 2,400 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಿದೆಯೆಂದೂ ಇಟ್ಟುಕೊಂಡರೆ, ಹರಹಂಕ 12ರಲ್ಲಿ ಅದು ನಾಲ್ಕು ವರ್ಷಕ್ಕಿಂತ ತುಸು ಕಡಿಮೆ ಬಾಳುತ್ತದೆ. ಹರಹಂಕ 7ರಲ್ಲಿ ಲೆಕ್ಕ ಮೂವತ್ತು ವರ್ಷವನ್ನು ಮೀರುತ್ತದೆ. ಅಷ್ಟರೊಳಗೆ ಬ್ಯಾಟರಿ ತಾನಾಗಿಯೇ ಸೋರಿಹೋಗಿರುತ್ತದೆಂಬುದು ಬೇರೆ ಮಾತು. 'ಹತ್ತು ವರ್ಷದ ಬ್ಯಾಟರಿ' ಎಂಬ ವ್ಯಾಪಾರಿಗಳ ಮಾತನ್ನು ಕೇಳಿದಾಗ, ಎಷ್ಟು ದೂರದಿಂದ, ಎಷ್ಟು ಹೊತ್ತಿಗೊಮ್ಮೆ ಎಂದು ಮರುಪ್ರಶ್ನೆ ಹಾಕಬೇಕು.

ಇತರ ಪದ್ಧತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಫ್ರಾನ್ಸಿನದೇ ಆದ ಸಿಗ್‌ಫಾಕ್ಸ್ ಕೇವಲ 100 ಹರ್ಟ್ಸ್ ಅಗಲದ ಎಳೆಯಲ್ಲಿ ದಿನಕ್ಕೆ ಗರಿಷ್ಠ 140 ಸಲ, ಸಲಕ್ಕೆ 12 ಬೈಟುಗಳನ್ನು ಕಳುಹಿಸುವ ಜಾಲ. ಅದರ ಮಾತೃಸಂಸ್ಥೆ 2022ರಲ್ಲಿ ದಿವಾಳಿಯ ವಿಚಾರಣೆಗೆ ಒಳಗಾಗಿ ಸಿಂಗಪುರದ ಯುನಾಬಿಜ್ ಕೈಸೇರಿತು. ಮೊಬೈಲ್ ಕಂಪನಿಗಳ ಗೋಪುರಗಳನ್ನೇ ಆಶ್ರಯಿಸುವ ಎನ್‌ಬಿ-ಐಒಟಿ ಪದ್ಧತಿಯ ಮಾನಕ 2016ರಲ್ಲಿ ಸಿದ್ಧವಾಯಿತು. ಅದರಲ್ಲಿ ಆವೃತ್ತಿಯ ಪಟ್ಟೆ ಕಂಪನಿಯ ಸ್ವಂತದ್ದಾದ್ದರಿಂದ ಹೊರಗಿನ ಗದ್ದಲ ಕಡಿಮೆ. ಆದರೆ ಜಾಲದ ಕೀಲಿ ಕಾರ್ಖಾನೆಯ ಕೈಯಲ್ಲಿರುವುದಿಲ್ಲ. ಲೋರಾದಲ್ಲಿ ಯಾರು ಬೇಕಾದರೂ ತಮ್ಮ ಛಾವಣಿಯ ಮೇಲೆ ಗ್ರಾಹಕಕೇಂದ್ರವನ್ನು, ರೂಢಿಯ ಮಾತಿನಲ್ಲಿ ಗೇಟ್‌ವೇಯನ್ನು, ನಿಲ್ಲಿಸಬಹುದು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ವರೆಗಿನ ಪಟ್ಟೆ 2005ರಿಂದ ಪರವಾನಗಿಯ ಅಗತ್ಯವಿಲ್ಲದೆ ಮುಕ್ತವಾಗಿದ್ದು, 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಲಾಯಿತು. ಪ್ರೇಷಕದ ಶಕ್ತಿ 1 ವ್ಯಾಟನ್ನು ಮೀರಬಾರದೆಂಬುದು ನಿಯಮ. ಟಾಟಾ ಕಮ್ಯುನಿಕೇಶನ್ಸ್ 2015ರಲ್ಲಿ ಮುಂಬಯಿ ಮತ್ತು ದೆಹಲಿಗಳಲ್ಲಿ ಲೋರಾ ಜಾಲವನ್ನು ಪರೀಕ್ಷಿಸಿ, 2017ರಲ್ಲಿ ದೇಶದ ಸುಮಾರು 2,000 ಊರುಗಳ 40 ಕೋಟಿ ಜನರನ್ನು ಮುಟ್ಟುವ ಯೋಜನೆಯನ್ನು ಪ್ರಕಟಿಸಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತಮ್ಮ ಆವರಣದ ನೀರಿನ ತೊಟ್ಟಿಗಳ ಮಟ್ಟವನ್ನು 1 ಗಿಗಾಹರ್ಟ್ಸಿಗಿಂತ ಕೆಳಗಿನ ಆವೃತ್ತಿಯ ರೇಡಿಯೋ ಮೂಲಕ ತಿಳಿಯುವ ವ್ಯವಸ್ಥೆಯನ್ನು ರೂಪಿಸಿ 2015ರಲ್ಲಿ ಅದರ ಕುರಿತು ಪ್ರಬಂಧ ಮಂಡಿಸಿದ್ದುಂಟು. ನೀರಿನ ತೊಟ್ಟಿಯಿಂದ ಆರಂಭಿಸಿದ್ದು ಉಚಿತವೇ ಸರಿ. ಒಂದು ಸುದ್ದಿ ತಪ್ಪಿದರೆ ಯಾರ ಜೀವವೂ ಹೋಗದು.

ಸಾನಪಾಡಾದ ನೆಲಕ್ಕೆ ಇದನ್ನು ಅನ್ವಯಿಸಿ ನೋಡಿದರೆ ಕೆಲವು ವಿಶೇಷಗಳು ಕಾಣುತ್ತವೆ. 865 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಇಂತಹ ಅಲೆ ನೇರವಾದ ಗೆರೆಯಲ್ಲಷ್ಟೇ ಸಾಗುವುದಿಲ್ಲ. ಪ್ರೇಷಕ-ಗ್ರಾಹಕಗಳ ನಡುವೆ ಸೌತೆಕಾಯಿಯಾಕಾರದ ಒಂದು ಅವಕಾಶ ಅದಕ್ಕೆ ತೆರವಾಗಿರಬೇಕು. ಎರಡು ಕಿಲೋಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಆ ಅವಕಾಶದ ತ್ರಿಜ್ಯ ಸುಮಾರು 13 ಮೀಟರ್. ನಾಲ್ಕು ಮಹಡಿಯ ಕಟ್ಟಡದ ಎತ್ತರವಿದು. ಆದ್ದರಿಂದ ಕಾರ್ಖಾನೆಯ ತಗಡಿನ ಮಾಡಿಗೆ ಕಟ್ಟಿದ ಗ್ರಾಹಕಕ್ಕೆ ಪಕ್ಕದ ರಸ್ತೆಯೂ ದೂರವಾಗಬಹುದು. ಎತ್ತರದಲ್ಲಿ ನಿಂತದ್ದಕ್ಕೆ ತುರ್ಭೆಯಿಂದ ರಬಾಳೆಯವರೆಗಿನ ಬಯಲು ತೆರೆದುಕೊಳ್ಳಬಹುದು. ಪಾರ್ಸಿಕ್ ಬೆಟ್ಟ ಇಲ್ಲಿ ಅನುಕೂಲ. ಆದರೆ ಬೆಟ್ಟದಾಚೆಯ ಡೊಂಬಿವಲಿಗೆ ಅದೇ ಗೋಡೆ. ಉಕ್ಕಿನ ತೊಟ್ಟಿ, ಕಂಟೇನರು, ಶೀತಲಗೃಹದ ಲೋಹದ ಹೊದಿಕೆ ಇವು ಅಲೆಯನ್ನು ನುಂಗುತ್ತವೆ ಇಲ್ಲವೆ ಚದುರಿಸುತ್ತವೆ. ಕೊಂಕಣದ ಮಳೆಯಿಂದ ಜಾಲ ಕೆಡುತ್ತದೆಂಬ ಭಯ ಸಾಮಾನ್ಯ. ವಾಸ್ತವದಲ್ಲಿ ಈ ಆವೃತ್ತಿಯ ಅಲೆಗೆ ಮಳೆಹನಿ ಲೆಕ್ಕಕ್ಕಿಲ್ಲ. ಕೆಡುವುದು ಅಲೆಯಲ್ಲ, ಪೆಟ್ಟಿಗೆ: ಖಾಡಿಯ ಉಪ್ಪುಗಾಳಿಗೆ ತುಕ್ಕು ಹಿಡಿಯುವ ಜೋಡಣೆ, ನೀರು ಇಳಿಯುವ ರಬ್ಬರು, ವಿದ್ಯುತ್ತು ಹೋದಾಗ ಕಣ್ಣುಮುಚ್ಚುವ ಗೇಟ್‌ವೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಲೋರಾವಾನ್ ಜಾಲದ ಸಂವೇದಕ ತನಗೆ ತೋಚಿದಾಗ ನುಡಿಯುತ್ತದೆ. ಇನ್ನೊಬ್ಬರು ಮಾತಾಡುತ್ತಿದ್ದಾರೆಯೇ ಎಂದು ಸಾಮಾನ್ಯವಾಗಿ ನೋಡುವುದಿಲ್ಲ. ಈ ಕ್ರಮದ ಮೂಲ 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ನಡೆಸಿದ ಅಲೋಹಾ ಜಾಲದಲ್ಲಿದೆ. ಶುದ್ಧ ರೂಪದಲ್ಲಿ ಇಂತಹ ಜಾಲ ತನ್ನ ಕಾಲಾವಕಾಶದ ಶೇಕಡ 18ರಷ್ಟನ್ನು ಮಾತ್ರ ಸಾರ್ಥಕವಾಗಿ ಬಳಸಬಲ್ಲದು. ಅದಕ್ಕಿಂತ ಹೆಚ್ಚು ಮಂದಿ ನುಡಿದರೆ ಮಾತುಗಳು ಡಿಕ್ಕಿ ಹೊಡೆದು ನಾಶವಾಗುತ್ತವೆ. ಹಾಗಾದರೆ ಪ್ರತಿ ಸುದ್ದಿಗೂ ಗೇಟ್‌ವೇಯಿಂದ ರಸೀದಿ ಕೇಳಬಾರದೇ ಎಂದರೆ, ಕೇಳಬಹುದು, ನಿಯಮದಲ್ಲಿ ಅವಕಾಶವಿದೆ. ಆದರೆ ಸಾಮಾನ್ಯ ಗೇಟ್‌ವೇ ತಾನು ನುಡಿಯುವಾಗ ಕೇಳಲಾರದು. ಒಬ್ಬನಿಗೆ ರಸೀದಿ ಬರೆದುಕೊಡುವ ಹೊತ್ತಿನಲ್ಲಿ ಉಳಿದೆಲ್ಲರಿಗೂ ಕಿವುಡಾಗುತ್ತದೆ. ರಸೀದಿ ಸಿಗದವರು ಪುನಃ ಕೂಗುತ್ತಾರೆ, ಗದ್ದಲ ಇಮ್ಮಡಿಸುತ್ತದೆ. ಅವಘಡದ ಗಳಿಗೆಯಲ್ಲಿ ಅನೇಕ ಸಂವೇದಕಗಳು ಒಟ್ಟಿಗೆ ಬೊಬ್ಬೆಯಿಡುವುದರಿಂದ, ಜಾಲ ಅತ್ಯಂತ ಬೇಕಾದ ಹೊತ್ತಿಗೇ ಅತ್ಯಂತ ದುರ್ಬಲವಾಗಿರುತ್ತದೆ. ಇನ್ನೊಂದು ಮಿತಿಯೂ ಉಂಟು. ಬ್ಯಾಟರಿಯನ್ನು ಉಳಿಸಲು ಬಹುಪಾಲು ಸಂವೇದಕಗಳು ತಾವು ನುಡಿದಾದ ಮೇಲೆ ಒಂದು, ಎರಡು ಸೆಕೆಂಡುಗಳ ಅಂತರದಲ್ಲಿ ಎರಡು ಬಾರಿ ಮಾತ್ರ ಕಿವಿ ತೆರೆಯುತ್ತವೆ. ಆಮೇಲೆ ಮುಂದಿನ ಸರದಿಯವರೆಗೆ ಅವುಗಳಿಗೆ ಯಾರೂ ಏನನ್ನೂ ಹೇಳಲಾಗದು. ಇಂತಹದಕ್ಕೆ ಕವಾಟ ಮುಚ್ಚುವ ಕೆಲಸ ವಹಿಸುವುದು ಅವಿವೇಕ.

ಹೀಗೆ ಕಳೆದುಹೋದ ಸುದ್ದಿ ಗೊತ್ತಾಗುವುದು ಹೇಗೆ? ಪ್ರತಿ ಸುದ್ದಿಗೂ ಕ್ರಮಸಂಖ್ಯೆಯಿರುತ್ತದೆ. 101, 102 ಆದಮೇಲೆ 105 ಬಂದರೆ ನಡುವೆ ಎರಡು ಕಳೆದಿವೆ. ತಾಳೆಯೋಲೆಯ ಹಸ್ತಪ್ರತಿಗಳನ್ನು ಬಲ್ಲ ಓದುಗರಿಗೆ ಇದು ಪರಿಚಿತ: ಗರಿಯ ಮೇಲಿನ ಅಂಕಿಯೇ ನಡುವಿನ ಗರಿ ಕಳೆದದ್ದನ್ನು ಹೇಳುತ್ತದೆ. ಆದರೆ ಕಟ್ಟಿನ ಕೊನೆಯ ಗರಿಗಳು ಕಳೆದಿದ್ದರೆ ಯಾವ ಅಂಕಿಯೂ ಅದನ್ನು ಹೇಳದು. ಗ್ರಂಥ ಅಲ್ಲಿಗೇ ಮುಗಿಯಿತೋ, ಹರಿಯಿತೋ ಎಂದು ನಿರ್ಧರಿಸಲು ಸಮಾಪ್ತಿವಾಕ್ಯ ಇರಬೇಕು. ಸಂವೇದಕವೂ ಹಾಗೆಯೇ. ಅದು ಸುಮ್ಮನಾದಾಗ ಬ್ಯಾಟರಿ ಮುಗಿದಿದೆಯೋ, ಲಾರಿಯೊಂದು ಅಡ್ಡ ನಿಂತಿದೆಯೋ, ಡಿಕ್ಕಿಯಲ್ಲಿ ಮಾತು ನಾಶವಾಯಿತೋ, ಬೆಂಕಿಯಲ್ಲಿ ಅದೇ ಸುಟ್ಟಿತೋ ತಿಳಿಯದು. ತಂತಿಯ 4 ಮಿಲಿಆಂಪಿಯರಿನ ವಿವೇಕ ಇಲ್ಲಿಲ್ಲ. ಅದನ್ನು ಬೇರೆ ಬಗೆಯಲ್ಲಿ ಕಟ್ಟಿಕೊಳ್ಳಬೇಕು: ಬದಲಾವಣೆಯಿರಲಿ ಇಲ್ಲದಿರಲಿ, ನಿಗದಿತ ಹೊತ್ತಿಗೊಮ್ಮೆ 'ಇದ್ದೇನೆ' ಎಂದು ನುಡಿಯುವ ಕಟ್ಟಳೆ ಹಾಕಿ, ಎರಡು ಮೂರು ಸರದಿ ತಪ್ಪಿದೊಡನೆ ಮನುಷ್ಯನೊಬ್ಬ ಹೋಗಿ ನೋಡಬೇಕು.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಪರದೆಯ ಮೇಲಿದೆ. ಸುದ್ದಿ ಬಾರದ ಅವಧಿಯಲ್ಲಿ ಕೆಲವು ತಂತ್ರಾಂಶಗಳು ಕೊನೆಯ ಅಂಕಿಯನ್ನೇ ಹಾಗೆಯೇ ತೋರಿಸುತ್ತಿರುತ್ತವೆ. ಕೆಲವು ಹಿಂದುಮುಂದಿನ ಅಂಕಿಗಳ ನಡುವೆ ನಯವಾದ ಗೆರೆ ಎಳೆಯುತ್ತವೆ. ಪಾಠಸಂಪಾದಕರು ಇದನ್ನು ಊಹಾಪಾಠವೆನ್ನುತ್ತಾರೆ. ನಮ್ಮ ಶಿಸ್ತಿನಲ್ಲಿ ಲುಪ್ತವಾದ ಭಾಗವನ್ನು 'ಗ್ರಂಥಪಾತ'ವೆಂದು ಗುರುತಿಸಿ, ಊಹೆಯನ್ನು ಆವರಣದೊಳಗೆ ಇಡುವುದು ಕನಿಷ್ಠ ಪ್ರಾಮಾಣಿಕತೆ. ಕಾರ್ಖಾನೆಯ ಪರದೆಗೆ ಈ ಶಿಸ್ತನ್ನು ಯಾರೂ ಇನ್ನೂ ಕಡ್ಡಾಯವಾಗಿ ಕಲಿಸಿಲ್ಲವೆಂದು ನಮಗೆ ತೋರುತ್ತದೆ.

ಅಳತೆಯ ಅಭಾವ ಎಂತಹದೆಂಬುದಕ್ಕೆ ವಿಶಾಖಪಟ್ಟಣದ ಪ್ರಸಂಗ ಸಾಕ್ಷಿ. 2020ರ ಮೇ 7ರ ನಸುಕಿನಲ್ಲಿ ಅಲ್ಲಿಯ ಆರ್. ಆರ್. ವೆಂಕಟಾಪುರಂ ಬಳಿಯ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿ ಹನ್ನೆರಡು ಮಂದಿ ಸತ್ತರು. ಆಂಧ್ರಪ್ರದೇಶ ಸರ್ಕಾರದ ಉನ್ನತಾಧಿಕಾರ ಸಮಿತಿ ಕಂಡುಕೊಂಡ ದೋಷಗಳಲ್ಲಿ ಒಂದು, ಆ ತೊಟ್ಟಿಯ ಉಷ್ಣತೆಯನ್ನು ತಳದಲ್ಲಿ ಮಾತ್ರ ಅಳೆಯಲಾಗುತ್ತಿತ್ತು, ನಡುವಿನಲ್ಲಿ ಮತ್ತು ಮೇಲ್ಭಾಗದಲ್ಲಿ ಅಳೆಯುವ ವ್ಯವಸ್ಥೆಯೇ ಇರಲಿಲ್ಲ ಎಂಬುದು. ತಣ್ಣಗಿದ್ದ ತಳದ ಅಂಕಿ ಇಡೀ ತೊಟ್ಟಿಯ ಸುದ್ದಿಯಾಗಿಬಿಟ್ಟಿತ್ತು. ಅಲ್ಪಶಕ್ತಿಯ ಜಾಲಗಳ ನಿಜವಾದ ಉಪಯೋಗ ಇಂತಲ್ಲಿ ಇದೆಯೆಂಬುದು ನಮ್ಮ ನಿಲುವು. ಗಂಟೆಗಂಟೆಗೆ, ದಿನದಿನಕ್ಕೆ ನಿಧಾನವಾಗಿ ಏರುವ ಉಷ್ಣತೆ, ಇಳಿಯುವ ದ್ರವಮಟ್ಟ, ಕಾಲುವೆಗೆ ಹರಿದ ನೀರಿನ ಆಮ್ಲತೆ ಇವನ್ನು ತಂತಿ ಮುಟ್ಟದ ಸ್ಥಾನಗಳಿಂದ ಅಗ್ಗವಾಗಿ ತಂದುಕೊಡಲು ಅವು ಸಮರ್ಥ. ಸ್ಫೋಟಕ ಅನಿಲವಿರುವ ಜಾಗದಲ್ಲಿ ಅದಕ್ಕೆ ತಕ್ಕ ಪ್ರಮಾಣೀಕರಣವುಳ್ಳ ಪೆಟ್ಟಿಗೆ ಬೇಕೆಂಬುದು ಬೇರೆ. ಕ್ಷಣದಲ್ಲಿ ಕವಾಟ ಮುಚ್ಚಬೇಕಾದ, ಸೈರನ್ ಕೂಗಬೇಕಾದ ಕೆಲಸ ತಂತಿಗೇ ಉಳಿಯಬೇಕು. ಎರಡನೆಯದರ ಖರ್ಚನ್ನು ಉಳಿಸಲು ಮೊದಲನೆಯದನ್ನು ಮುಂದೊಡ್ಡುವ ಪ್ರವೃತ್ತಿ ಚಿಕ್ಕ ಘಟಕಗಳಲ್ಲಿ ಬೆಳೆದರೆ ಅದರ ಪರಿಣಾಮವನ್ನು ಅನುಭವಿಸುವವರು ಬೇಲಿಯಾಚೆಯ ಜನ.

ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಹೆಚ್ಚು ಮಾಲಿನ್ಯಕಾರಕವಾದ 17 ವರ್ಗಗಳ ಉದ್ಯಮಗಳು ತಮ್ಮ ಹೊಗೆ-ತ್ಯಾಜ್ಯಜಲಗಳನ್ನು ನಿರಂತರವಾಗಿ ಅಳೆದು ಆನ್‌ಲೈನ್ ಮೂಲಕ ಮಂಡಳಿಗಳಿಗೆ ಮುಟ್ಟಿಸಬೇಕೆಂದು ನಿರ್ದೇಶಿಸಿತು. ಆ ಬೃಹತ್ ಉಪಕರಣಗಳಿಗೂ ಇಲ್ಲಿ ಹೇಳಿದ ಪುಟ್ಟ ಸಂವೇದಕಗಳಿಗೂ ಸಂಬಂಧವಿಲ್ಲವಾದರೂ, ಸುದ್ದಿ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಎರಡಕ್ಕೂ ಸಮಾನ. ತುರ್ಭೆಯ ಪಾಳಿಗಳಲ್ಲಿ ಮರಾಠಿ, ಹಿಂದಿಗಳ ಜೊತೆಗೆ ಕಲಬುರಗಿ, ವಿಜಯಪುರಗಳ ಕನ್ನಡವೂ ಕೇಳಿಬರುತ್ತದೆ. ಪರದೆ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಪಾರಿಭಾಷಿಕ ಪದಗಳ ಕೆಲಸದಲ್ಲಿ ತೊಡಗಿರುವ ಹೊರರಾಜ್ಯಗಳ ಸಂಶೋಧಕಮಿತ್ರರು ಮರಾಠಿ, ತೆಲುಗು ರೂಪಗಳೊಡನೆ ಹೋಲಿಸಿ ತಿದ್ದಲೆಂದು ನಮ್ಮ ಒಂದು ಸೂಚನೆಯನ್ನು ಇಲ್ಲಿ ದಾಖಲಿಸುತ್ತೇವೆ. ಸಂವೇದಕ ಸುಮ್ಮನಾದ ಸ್ಥಿತಿಗೆ 'ನಿಷ್ಕ್ರಿಯ' ಎಂಬ ಪದ ಬೇಡ. ಅದು ತೊಟ್ಟಿಯಲ್ಲಿ ಏನೂ ನಡೆಯುತ್ತಿಲ್ಲವೆಂಬ ಅರ್ಥಕ್ಕೂ ಎಡೆಗೊಡುತ್ತದೆ. 'ಸುದ್ದಿ ಬಂದಿಲ್ಲ' ಎಂದಿರಲಿ. ಅದರ ಪಕ್ಕದಲ್ಲಿ ಕೊನೆಯ ಸುದ್ದಿ ಬಂದ ಗಂಟೆ-ನಿಮಿಷವೂ ಇರಲಿ.